ಲೆಚ್ಚುಮಿಯ ಮನೆಯ ಬಾಗಿಲು

ವಾಕಡ, ಪುಣೆ
12 ಜುಲೈ 2025, ಶನಿವಾರ

ನನ್ನ ಪ್ರೀತಿಯ ಅವ್ವಾ,

ನಿನ್ನ ಅಪ್ಪಿ ದೂರದಿಂದಲೇ ನಿನ್ನ ಕಾಲು ಮುಟ್ಟಿದ್ದಾಳೆ, ಹಿಂದೆ ಸರಿಯಬೇಡ.

ತಡವಾಯಿತು, ಬೈಯಬೇಡ. ಬೈದರೂ ಅಡ್ಡಿಯಿಲ್ಲ, ಬೈಯಲಿಕ್ಕಾದರೂ ಒಮ್ಮೆ ಮಾತಾಡು! ಶ್ರೀಲಂಕಾದಿಂದ ಬಂದು ತಿಂಗಳ ಮೇಲಾಯಿತು. ಬಂದ ದಿನವೇ ಬರೆಯಲು ಕುಳಿತಿದ್ದೆ. ಆದರೆ ಇಂಗ್ಲಿಷ್ ಮೀಡಿಯಂ ಹುಡುಗಿಗೆ ಕನ್ನಡದಲ್ಲಿ ಒಂದು ಪುಟ ತುಂಬಿಸುವುದೆಂದರೆ ಏನೆಂದು ನಿನಗೆ ಗೊತ್ತು, ಒಲೆಯ ಮುಂದಿನ ಅಡುಗೆಗಿಂತ ಕಷ್ಟ. ಫೋನ್ ಮಾಡೋಣವೆಂದರೆ ನೀನು ನನ್ನ ನಂಬರನ್ನು ಬ್ಲಾಕ್ ಮಾಡಿದ್ದೀ. ಒಂದೇ ಊರಿನ ಈ ತುದಿಯಿಂದ ಆ ತುದಿಗೆ ಅಂಚೆ ಚೀಟಿ ಹಚ್ಚಿ ಪತ್ರ ಬರೆಯುವ ಪ್ರಸಂಗ ನಮಗೇ ಬರಬೇಕಿತ್ತೇ? ಚೀಟಿ ಕೊಳ್ಳುವಾಗ ಪೋಸ್ಟ್ ಆಫೀಸಿನ ಹೆಂಗಸು, "ಪುಣ್ಯಾತಚ್ ನಾ?" ಪುಣೆಯೊಳಗೇ ತಾನೇ ಎಂದು ಎರಡು ಸಲ ಕೇಳಿದಳು. "ಹೋ, ಆಯೀಲಾ" ಎಂದೆ, ಅವ್ವನಿಗೆ ಎಂದು. ಆಕೆ ಚೀಟಿ ಹರಿದು ಕೊಟ್ಟಳು.

ನಾವು ಚೆನ್ನಾಗಿದ್ದೇವೆ. ಎಷ್ಟು ಚೆನ್ನಾಗಿದ್ದೇವೆಂದು ಬರೆದರೆ ನಿನಗೆ ನಾಚಿಕೆಯಾದೀತು, ಅದಕ್ಕೇ ಸ್ವಲ್ಪ ಮಾತ್ರ ಬರೆಯುತ್ತೇನೆ. ಜಯಶೀಲ ನಿನ್ನೆ ಜೋಳದ ರೊಟ್ಟಿ ಬಡಿದ! ಬೆಟಗೇರಿಯ ಅವನ ಅಜ್ಜಿ ಕಲಿಸಿದ್ದಂತೆ. ದುಂಡಗೆ, ತೆಳ್ಳಗೆ, ನಿನ್ನ ರೊಟ್ಟಿಯ ಹಾಗೆ. ನನ್ನದು ಒಲೆಗೆ ಹೋಗುವ ಮೊದಲೇ ಹರಿಯುತ್ತದೆ. ಈ ಪತ್ರದಲ್ಲಿ ನಾನು ತಡವರಿಸಿದ ಕಡೆಯಲ್ಲೆಲ್ಲ ಪಕ್ಕದಲ್ಲಿ ಕುಳಿತು ಪದ ಹೇಳಿಕೊಡುವವನೂ ಅವನೇ. ಸಂಡೇ ಸ್ಕೂಲಿನಲ್ಲಿ ಚಿಕ್ಕಂದಿನಿಂದ ಗಟ್ಟಿಯಾಗಿ ಓದಿ ಓದಿ ಅವನ ಕನ್ನಡ ನನ್ನದಕ್ಕಿಂತ ಹತ್ತು ಪಾಲು ಮೇಲು. "ಕ್ರಿಶ್ಚನ್ ಹುಡುಗಗ ನಮ್ಮ ಭಾಷಾರೆ ಬರ್ತದೇನು?" ಎಂದು ಕೇಳಿದ್ದೆಯಲ್ಲ, ಉತ್ತರ ನಿನ್ನ ಕೈಯಲ್ಲೇ ಇದೆ. ಗಂಡನನ್ನು 'ಅವನು' ಎಂದು ಬರೆದೆನೆಂದು ಮೂಗು ಮುರಿಯಬೇಡ. ಕಾಲೇಜಿನಿಂದಲೂ ಅವನು ನನಗೆ ಅವನೇ.

ಈಗ ವಿಷಯಕ್ಕೆ ಬರುತ್ತೇನೆ. ಮೊನ್ನೆ ಮಾಂತಣ್ಣ ಬಂದಿದ್ದ. ಅಪ್ಪನಿಗೆ ಬೆಲ್ಲದ ಗಾಡಿ ನೋಡಲು ಹೋಗುತ್ತೇನೆಂದು ಹೇಳಿ ಬಂದನಂತೆ, ನೀನು ಅಪ್ಪನಿಗೆ ಹೇಳಬೇಡ. ಸೋಫಾದ ತುದಿಯಲ್ಲಿ ಕುಳಿತು, ಪಾಠ ಒಪ್ಪಿಸುವವನ ಹಾಗೆ, "ಅವ್ವ ಹೇಳಿ ಕಳಸ್ಯಾಳ. ನೀ ಕ್ರಿಶ್ಚನ್ ಆಗೀದಿ. ಅದಕ್ಕ ಪಂಚಮಿಗೆ ನಿನ್ನ ಕರಿಯಾಕ ನಾ ಬರೂದಿಲ್ಲ" ಎಂದ. ಮದುವೆಯಾದ ಮೊದಲ ನಾಗರ ಪಂಚಮಿ, ಅವ್ವಾ! ಅಣ್ಣ ಮನೆಗೆ ಬಂದು, "ಕರೆಯಲು ಬರುವುದಿಲ್ಲ" ಎಂದು ಹೇಳಿ ಹೋದ. ಹೋಗುವಾಗ ಒಂದು ಫೋಟೊ ತೋರಿಸಿದ. ವಾಟ್ಸಾಪಿನಲ್ಲಿ ಯಾರು ಯಾರ ಕೈ ದಾಟಿಯೋ ನಿಮ್ಮ ಓಣಿಗೆ ಬಂದ ಫೋಟೊ. ಚರ್ಚ್ ಸಭೆಯ ಯುವಜನರ ನೀಲಿ ಟೀ ಶರ್ಟ್ ತೊಟ್ಟು, ತಲೆ ಬಾಗಿಸಿ, ಕೈ ಮುಗಿದು ನಾನು ನಿಂತಿದ್ದೇನೆ.

ಹೌದು, ಅದು ನಾನೇ. ಆದರೆ ಅದೇ ಊರಿನ ಇನ್ನೊಂದು ಫೋಟೊ ನಿಮ್ಮ ಓಣಿಗೆ ಬರಲಿಲ್ಲ. ಅದು ಬೇರೆ ಕಡೆ ಹೋಯಿತು, ಅಲ್ಲಿಯೂ ಬೆಂಕಿ ಹಚ್ಚಿತು. ಎರಡರ ಕಥೆಯನ್ನೂ ನನ್ನ ಬಾಯಿಂದ ಕೇಳು. ಆಮೇಲೆ ಪಂಚಮಿಯ ಮಾತು.

ಜಯಶೀಲನ ಸಭೆಯ ಯುವಜನ ಸಂಘದವರು ಪ್ರತಿ ವರ್ಷ ಎಲ್ಲಿಯಾದರೂ ಹೋಗಿ ಮನೆ ಇಲ್ಲದವರಿಗೆ ಒಂದು ಮನೆ ಕಟ್ಟಿಕೊಟ್ಟು ಬರುತ್ತಾರೆ. ಈ ಸಲ ಶ್ರೀಲಂಕಾದ ಚಹಾ ತೋಟದ ಗುಡ್ಡ. "ಗೋವಾಕ್ಕೆ ಹೋಗೋಣೋ, ಸಿಮೆಂಟ್ ಕಲಸೋಣೋ?" ಎಂದು ಜಯಶೀಲ ಕೇಳಿದ. ಸಿಮೆಂಟ್ ಎಂದೆ. ಎಲ್ಲರೂ ಹನಿಮೂನಿನಲ್ಲಿ ಸೆಲ್ಫಿ ತೆಗೆಯುತ್ತಾರೆ, ನಾವು ಗೋಡೆ ಎಬ್ಬಿಸೋಣ! ಸಂಘದ ಮುಖ್ಯಸ್ಥರಾದ ಮಹೇಶಕುಮಾರಣ್ಣ ಸ್ವಲ್ಪ ತಲೆ ಕೆರೆದುಕೊಂಡರು. "ಮಂಜರಿಗೆ ದೀಕ್ಷಾಸ್ನಾನ ಆಗಿಲ್ಲಲ್ಲೋ ಜಯಾ?" ಎಂದರು. "ಇಟ್ಟಂಗಿಗೆ ಆಗಿರ್ತದೇನ್ರಿ ಅಣ್ಣಾ?" ಎಂದ ಇವನು. ಅವರು ನಕ್ಕು ನನ್ನ ಹೆಸರು ಸೇರಿಸಿದರು.

ನಾನು ಹೊರಟಾಗ ನೀನು ಮಾಂತಣ್ಣನ ಫೋನಿನಿಂದ ಒಂದೇ ಮಾತು ಹೇಳಿದ್ದೆ: "ಅಲ್ಲಿಗೆ ಹೋದ್ರ ಇಲ್ಲಿಗೆ ಬರಬ್ಯಾಡ." ನಾನು ಹೋದೆ. ಅದಕ್ಕೆ ಕ್ಷಮೆ ಕೇಳುವುದಿಲ್ಲ.

ಆ ಗುಡ್ಡದಲ್ಲಿ ತೋಟದ ಕೂಲಿಯವರಿಗೆ ಬ್ರಿಟಿಷರ ಕಾಲದ ಉದ್ದನೆಯ ಸಾಲುಮನೆಗಳಿವೆ. ಒಂದು ಕುಟುಂಬಕ್ಕೆ ಒಂದು ಕೋಣೆ. ಗುಡ್ಡ ಕುಸಿದು ಒಂದು ಸಾಲಿನ ಅರ್ಧ ಹೋಗಿತ್ತು. ಹೋದ ಅರ್ಧದಲ್ಲಿ ಲೆಚ್ಚುಮಿಯ ಕೋಣೆಯಿತ್ತು. ಲೆಚ್ಚುಮಿ ಎಂದರೆ ನಮ್ಮ ಲಕ್ಷ್ಮಿ. ನಿನ್ನ ವಯಸ್ಸಿನವಳು, ತಮಿಳಿನವಳು, ಗಂಡ ಇಲ್ಲ, ಚಹಾ ಎಲೆ ಕೀಳಲು ಹೋಗುತ್ತಾಳೆ. ಆಕೆಯ ತಮಿಳೂ ನನ್ನ ಕನ್ನಡವೂ ಅರ್ಧ ದಾರಿಯಲ್ಲಿ ಭೇಟಿಯಾಗುತ್ತಿದ್ದವು. ಉಳಿದರ್ಧವನ್ನು ಅಲ್ಲಿಯ ಪಾಸ್ಟರ್ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ಮೊದಲ ದಿನವೇ ಆಕೆ ನನ್ನ ಕಾಲುಂಗುರ ನೋಡಿ, ಜಯಶೀಲನ ಕಡೆ ಬೆರಳು ಮಾಡಿ, ಬಾಯಿಗೆ ಸೆರಗು ಹಿಡಿದು ನಕ್ಕಳು. ತುಳಶೀಬಾಗದ ಅಂಗಡಿಯಲ್ಲಿ ಜಯಶೀಲ ನೆಲಕ್ಕೆ ಕುಳಿತು ತೊಡಿಸಿದ ಕಾಲುಂಗುರ ಅವು. ಅಂಗಡಿಯವನು ತನ್ನ ಹೆಂಡತಿಯನ್ನು ಕೂಗಿ, "ಅಗ, ಹೇ ಬಘ್!" ಎಂದು ಕರೆದು ತೋರಿಸಿದ್ದ. ಅಯ್ಯೋ, ಎಲ್ಲಿಗೋ ಹೋದೆ.

ಪ್ರತಿದಿನ ಬೆಳಿಗ್ಗೆ ಕೆಲಸ ಶುರು ಮಾಡುವ ಮೊದಲು ಎಲ್ಲರೂ ಸುತ್ತ ನಿಂತು ಪ್ರಾರ್ಥನೆ ಮಾಡುತ್ತಿದ್ದರು. ನಿಮ್ಮ ಓಣಿಗೆ ಬಂದದ್ದು ಆ ಹೊತ್ತಿನ ಫೋಟೊ. ಅಷ್ಟು ಜನ ಕಣ್ಣು ಮುಚ್ಚಿ, ಈ ಹೆಂಗಸಿನ ಮನೆ ಗಟ್ಟಿಯಾಗಿರಲಿ ಎಂದು ಬೇಡುವಾಗ ನಾನೊಬ್ಬಳು ಚೂಯಿಂಗ್ ಗಮ್ ಅಗಿಯುತ್ತ ನಿಲ್ಲಬೇಕಿತ್ತೇ? ತಲೆ ಬಾಗಿಸಿದೆ. ಒಳಗೆ ನೀನು ಕಲಿಸಿದ ಓಂ ನಮಃ ಶಿವಾಯ ಹೇಳಿಕೊಂಡೆ. ಅದು ಫೋಟೊದಲ್ಲಿ ಬರುವುದಿಲ್ಲ.

ಇನ್ನೊಂದು ಫೋಟೊದ ಕಥೆ ಹೀಗಿದೆ. ಗೋಡೆಗಳು ಎದೆಮಟ್ಟಕ್ಕೆ ಬಂದ ದಿನ ನಮ್ಮ ಹುಡುಗರಿಗೆ ಉಮೇದಿ ಬಂತು. ಲೆಚ್ಚುಮಿ ತೋಟಕ್ಕೆ ಹೋಗಿದ್ದಾಳೆ, ಬರುವಷ್ಟರಲ್ಲಿ ಬಾಗಿಲ ಚೌಕಟ್ಟು ನಿಲ್ಲಿಸಿ ಆಕೆಯನ್ನು ಚಕಿತಗೊಳಿಸೋಣ ಎಂದರು. ನಾನು ಕೆಳಗೆ ತೊರೆಯ ಹತ್ತಿರ ಮರಳು ಜರಡಿ ಹಿಡಿಯುತ್ತಿದ್ದೆ, ನನಗೆ ಗೊತ್ತಾಗಲಿಲ್ಲ. ಮೇಲೆ ಬಂದಾಗ ಚೌಕಟ್ಟು ನಿಂತಿತ್ತು, ಹುಡುಗರು ಅದಕ್ಕೆ ಬಲೂನು ಕಟ್ಟಿದ್ದರು! ಲೆಚ್ಚುಮಿ ಬೆನ್ನಿನ ಬುಟ್ಟಿಯೊಂದಿಗೆ ಬಂದಳು, ನೋಡಿದಳು, ಅಲ್ಲೇ ಕಲ್ಲಿನ ಮೇಲೆ ಕುಳಿತುಬಿಟ್ಟಳು. ಒಳಗೆ ಬಾ ಎಂದರೆ ಬರಲೊಲ್ಲಳು. ಚಹಾ ಕೊಟ್ಟರೆ ಕುಡಿಯಲೊಲ್ಲಳು. ಮಹೇಶಕುಮಾರಣ್ಣ, "ಬಲೂನ್ ಸೇರಲಿಲ್ಲೇನೋ, ಬಿಚ್ಚರ್ರೋ" ಎಂದರು. ಬಲೂನು ಬಿಚ್ಚಿದರೂ ಆಕೆ ಏಳಲಿಲ್ಲ. ಚೌಕಟ್ಟಿನ ಕಡೆ ಕೈ ಮಾಡಿ, "ವಾಸಕ್ಕಾಲ್, ವಾಸಕ್ಕಾಲ್" ಎನ್ನುತ್ತಾಳೆ, ಕಣ್ಣೊರೆಸಿಕೊಳ್ಳುತ್ತಾಳೆ.

ಅಷ್ಟು ಜನರಲ್ಲಿ ನನಗೊಬ್ಬಳಿಗೇ ತಿಳಿಯಿತು, ಅವ್ವಾ. ಯಾಕೆಂದರೆ ನಾನು ನಿನ್ನ ಮಗಳು. ಬಿಬವೇವಾಡಿಯ ಮನೆ ಕಟ್ಟುವಾಗ ಗೌಂಡಿ ನಿನಗೆ ಹೇಳದೆ ಚೌಕಟ್ಟು ಕೂಡ್ರಿಸಿದ್ದು ನೆನಪಿದೆಯೇ? ನೀನು ಹಾಲಿನ ತಂಬಿಗೆ ಹಿಡಿದು ಬಿಸಿಲಲ್ಲಿ ನಿಂತುಬಿಟ್ಟೆ. "ಹೊಸ್ತಿಲಾ ಪೂಜಿ ಆಗದ ಮನ್ಯಾಗ ನಾ ಕಾಲ ಇಡೂದಿಲ್ಲ. ಕೀಳು ಅಂದ್ರ ಕೀಳು!" ಅಪ್ಪ ಅಂಗಡಿಯಿಂದ ಓಡಿ ಬಂದು ಕೈ ಮುಗಿದರೂ ಕೇಳಲಿಲ್ಲ. ಗೌಂಡಿ ಗೊಣಗುತ್ತ ಕಿತ್ತ. ನೀನು ಅರಿಷಿಣ ಹಚ್ಚಿ, ಕುಂಕುಮ ಇಟ್ಟು, ಮಾವಿನೆಲೆ ಕಟ್ಟಿ, ಹಾಲೆರೆದು, ಆಮೇಲೆ ನಿಲ್ಲಿಸಲು ಬಿಟ್ಟೆ. ಲೆಚ್ಚುಮಿಯ ಮುಖದ ಮೇಲೆ ಆವತ್ತಿನ ನಿನ್ನ ಮುಖವೇ ಇತ್ತು. ನಿನಗೆ ಕೂಗಲು ಬಾಯಿತ್ತು. ಬೇರೆಯವರು ಕಟ್ಟಿಕೊಡುವ ಮನೆ ಎಂದು ಆಕೆಗೆ ಕೂಗಲಾಗಲಿಲ್ಲ, ಅಷ್ಟೇ ವ್ಯತ್ಯಾಸ.

"ಅಣ್ಣಾ, ಚೌಕಟ್ಟು ತೆಗೀಬೇಕ್ರಿ" ಎಂದೆ.

"ಏನವಾ, ತಲಿ ಕೆಟ್ಟದೇನು? ಸಿಮೆಂಟ್ ಹಿಡಿಯಾಕತ್ತದ. ನಾಳೆ ಬಾಗಿಲಿನ ಪ್ರಾರ್ಥನೆ ಅದ."

"ಹಿಡಿಯೂದ್ರೊಳಗ ತೆಗೀಬೇಕ್ರಿ. ಆಕಿ ಪೂಜಿ ಮಾಡಬೇಕು."

ಅವರ ಮುಖ ಗಂಭೀರವಾಯಿತು. "ಮಂಜರಿ, ಇದು ಸಭೆಯ ಮನಿ. ಇಲ್ಲಿ ಅರಿಷಿಣ ಕುಂಕುಮ ಅಂದ್ರ ನಾ ಹಿರಿಯರಿಗೆ ಏನ್ ಹೇಳ್ಲಿ?" ಎಂದರು. ಅವರು ಕೆಟ್ಟವರಲ್ಲ ಅವ್ವಾ, ನಿಜವಾಗಿಯೂ ಹೆದರಿದ್ದರು. ನಾನು ಬಾಯಿ ತೆರೆಯುವುದರೊಳಗೆ ಹಿಂದಿನಿಂದ ದಢ್ ಎಂದು ಸದ್ದು. ನೋಡಿದರೆ ಜಯಶೀಲ ಹಾರೆ ಹಾಕಿ ಚೌಕಟ್ಟನ್ನು ಮೀಟುತ್ತಿದ್ದಾನೆ! "ಮಾತು ಮುಗಸೂದ್ರಾಗ ಸಿಮೆಂಟ್ ಗಟ್ಟಿ ಆಗ್ತದ್ರಿ ಅಣ್ಣಾ. ಬೈಯೂದು ಆಮ್ಯಾಲೆ ಬೈರಿ" ಎಂದ. ಸುವಾರ್ತೆ ಸಾರುವವರ ಮನೆಯಲ್ಲಿ ಹುಟ್ಟಿದ ಹುಡುಗ, ನಿನ್ನ ಪೂಜೆಗಾಗಿ ಚೌಕಟ್ಟು ಕಿತ್ತ. ಆವತ್ತು ನಾನು ಅವನನ್ನು ಇನ್ನೊಮ್ಮೆ ಮದುವೆಯಾದೆ.

ಅರಿಷಿಣವನ್ನು ಲೆಚ್ಚುಮಿಯೇ ತಂದಳು. ತಂದು ನನ್ನ ಅಂಗೈಗೆ ಸುರಿದು ಹಿಂದೆ ಸರಿದು ನಿಂತಳು. ಗಂಡ ಇಲ್ಲದವಳು ಮುಟ್ಟಬಾರದಂತೆ, ಹೊಸ ಮದುವಣಗಿತ್ತಿ ಮಾಡಬೇಕಂತೆ. ಅಷ್ಟೆಲ್ಲ ಗಲಾಟೆ ಮಾಡಿ ಕೊನೆಗೆ ಮನೆಯ ಒಡತಿಯೇ ದೂರ! ನನಗೆ ಸಿಟ್ಟು ಬಂತು. ಆಕೆಯ ಕೈ ಹಿಡಿದು ಎಳೆದೆ. ಆಕೆ ನನ್ನ ಕೈಗೆ ಪಟ್ಟನೆ ಹೊಡೆದಳು. ನಾನೂ ಬಿಡಲಿಲ್ಲ. ಕೊನೆಗೆ ಒಂದೊಂದು ಕಡೆ ಒಬ್ಬೊಬ್ಬರು ಹಚ್ಚಿದೆವು, ಆಕೆ ಅಳುತ್ತ, ನಾನು ನಗುತ್ತ. ಇದಕ್ಕೆ ನೀನೂ ಬೈಯುತ್ತೀ ಎಂದು ಗೊತ್ತು. ಬೈ.

ನಾವು ಅರಿಷಿಣ ಹಚ್ಚುವಾಗ ಯಾರೋ ತೆಗೆದ ಫೋಟೊ ನಮಗಿಂತ ಮೊದಲು ಪುಣೆ ತಲುಪಿತು. ಬಂದ ಭಾನುವಾರವೇ ಆರಾಧನೆ ಮುಗಿದ ಮೇಲೆ ಹಿರಿಯರು ನಮ್ಮನ್ನು ನಿಲ್ಲಿಸಿಕೊಂಡರು. ಶಿವಪ್ರಕಾಶ ಅಂಕಲ್ ಎಂದು ಒಬ್ಬರಿದ್ದಾರೆ, ನಮ್ಮ ಮದುವೆಗೆ ಕುಕ್ಕರ್ ಕೊಟ್ಟವರು. "ಏನವಾ, ನಮ್ಮ ಹೆಸರಿನ ಮನ್ಯಾಗ ಅರಿಷಿಣ ಕುಂಕುಮ ಹೆಂಗ ಬಂತು?" ಎಂದರು.

"ಮನಿ ನಿಮ್ಮ ಹೆಸರಿಂದಲ್ರಿ ಅಂಕಲ್, ಲೆಚ್ಚುಮಿದು" ಎಂದೆ.

ಹಿಂದಿನ ಬೆಂಚಿನಲ್ಲಿ ಯಾರೋ ಹೆಂಗಸರು ಕಿಸಕ್ಕನೆ ನಕ್ಕರು. ಅಂಕಲ್ ನಗಲಿಲ್ಲ. ಜಯಶೀಲನನ್ನು ಸಂಘದ ಕಾರ್ಯದರ್ಶಿ ಕೆಲಸದಿಂದ ತೆಗೆದರು. ಮುಂದಿನ ವರ್ಷದ ತಂಡದಲ್ಲಿ ನಾವಿಬ್ಬರೂ ಇಲ್ಲ. ನನ್ನ ಅತ್ತೆ, "ಬಾಯಿ ಸ್ವಲ್ಪ ಹಿಡಿಬೇಕಿತ್ತು ಮಂಜರಿ" ಎಂದರು, ಆಮೇಲೆ ಅಡುಗೆಮನೆಗೆ ಕರೆದು ಎರಡು ಕರ್ಚಿಕಾಯಿ ಜಾಸ್ತಿ ಹಾಕಿದರು.

ಈಗ ಹೇಳು. ಅವರಿಗೆ ನಾನು ಭಾಳ ಹಿಂದೂ ಆದೆ, ನಿಮಗೆ ಭಾಳ ಕ್ರಿಶ್ಚನ್ ಆದೆ. ಒಂದು ಫೋಟೊ ನೋಡಿ ಅವರು ಹೊರಗಿಟ್ಟರು, ಇನ್ನೊಂದನ್ನು ನೋಡಿ ನೀನು. ನಾನು ಯಾರೆಂದು ಫೋಟೊವನ್ನು ಕೇಳಿದಿರಿ, ನನ್ನನ್ನು ಯಾರೂ ಕೇಳಲಿಲ್ಲ. ದೀಕ್ಷಾಸ್ನಾನ ತೆಗೆದುಕೊಂಡಿಲ್ಲ. ತೆಗೆದುಕೋ ಎಂದು ಜಯಶೀಲ ಒಂದು ದಿನವೂ ಅಂದಿಲ್ಲ. ಆದರೆ ನಾಳೆಯೂ ಅವರು ಪ್ರಾರ್ಥನೆಗೆ ನಿಂತರೆ ತಲೆ ಬಾಗಿಸುತ್ತೇನೆ, ನಾಡಿದ್ದು ಯಾರದಾದರೂ ಹೊಸ್ತಿಲಿಗೆ ಅರಿಷಿಣ ಬೇಕಾದರೆ ಹಚ್ಚುತ್ತೇನೆ. ಇದರಲ್ಲಿ ಒಂದನ್ನು ಬಿಟ್ಟು ಬಾ ಎಂದರೆ ನಿನಗೂ ಇಲ್ಲ, ಶಿವಪ್ರಕಾಶ ಅಂಕಲ್ಲಿಗೂ ಇಲ್ಲ.

ಪಂಚಮಿ ಇಪ್ಪತ್ತೊಂಬತ್ತನೆಯ ತಾರೀಖು, ಮಂಗಳವಾರ. ಇಬ್ಬರೂ ಆಫೀಸಿಗೆ ರಜೆ ಹಾಕಿದ್ದೇವೆ. ಖರಾಡಿ ಆಫೀಸಿನ ನನ್ನ ಮ್ಯಾನೇಜರ್ ರಜೆ ಯಾಕೆಂದು ಕೇಳಿದಳು, "ತವರುಮನೆ" ಎಂದೆ. ಅದಕ್ಕೆ ಇಂಗ್ಲಿಷಿನಲ್ಲಿ ನನಗೆ ಶಬ್ದವೇ ಸಿಗಲಿಲ್ಲ! ಮಾಂತಣ್ಣ ಕರೆಯಲು ಬರದಿದ್ದರೂ ಬರುತ್ತೇನೆ. ಜಯಶೀಲನ ಸ್ಕೂಟರಿನ ಮೇಲೆ, ಹಸಿರು ಇಳಕಲ್ ಸೀರೆ ಉಟ್ಟು, ನಿಮ್ಮ ಓಣಿಯ ನಡುವೆ ಹಾರ್ನ್ ಹೊಡೆಯುತ್ತ ಬರುತ್ತೇನೆ. ನೀನು ಶೇಂಗಾ ಉಂಡಿ ಕಟ್ಟದಿದ್ದರೆ ನಾನೇ ಕಟ್ಟಿಕೊಂಡು ಬರುತ್ತೇನೆ, ಅವು ಮುರಿದಿರುತ್ತವೆ, ತಿನ್ನಬೇಕು. ನಾಗಪ್ಪನಿಗೆ ಹಾಲೆರೆಯುವಾಗ ಅಪ್ಪನ ಪಾಲು, ಅವ್ವನ ಪಾಲು, ಅಣ್ಣನ ಪಾಲು ಎಂದು ಎರೆದ ಮೇಲೆ ಜಯಶೀಲನ ಪಾಲನ್ನೂ ಎರೆಯುತ್ತೇನೆ. ಜೋರಾಗಿ ಹೆಸರು ಹೇಳಿ ಎರೆಯುತ್ತೇನೆ, ಪಕ್ಕದ ಮನೆಯ ರಂಗೂಬಾಯಿಗೆ ಕೇಳಿಸಬೇಕು.

ಅಪ್ಪನಿಗೆ ನನ್ನ ಶರಣು ಹೇಳು. ಬಿಪಿ ಗುಳಿಗೆ ಬೆಳಿಗ್ಗೆ ತಿಂದಿರೇ ಎಂದು ನೀನೇ ಕೇಳಬೇಕು, ಅವರು ಮರೆಯುತ್ತಾರೆ. ಮಾಂತಣ್ಣನಿಗೆ ಬೇಗ ಒಂದು ಜೋರು ಬಾಯಿಯ ಹೆಂಡತಿ ಸಿಗಲಿ. ನಿನ್ನ ಮಂಡಿನೋವು ಈ ಮಳೆಗಾಲದಲ್ಲಿ ಹೆಚ್ಚಾಗದಿರಲಿ. ನೀನು ನೂರು ವರ್ಷ ಇರು, ಬೇಕಾದರೆ ನೂರು ವರ್ಷವೂ ನನ್ನ ಮೇಲೆ ಸಿಟ್ಟು ಮಾಡು, ಆದರೆ ಎದುರಿಗೆ ಕುಳಿತು ಮಾಡು.

ನಿನ್ನವಳೇ,
ಅಪ್ಪಿ

ತಾ.ಕ.: ಇದನ್ನು ಬರೆಯಬಾರದೆಂದಿದ್ದೆ. ಜಯಶೀಲ ಚಹಾ ಮಾಡಲು ಎದ್ದು ಹೋಗಿದ್ದಾನೆ, ಅಷ್ಟರಲ್ಲಿ ಬರೆಯುತ್ತೇನೆ, ಪದ ತಪ್ಪಿದರೆ ತಪ್ಪಲಿ. ನಾವು ಹೊರಡುವ ದಿನ ಲೆಚ್ಚುಮಿ ನನ್ನ ಗದ್ದ ಹಿಡಿದು, "ಮದುವೆಯಲ್ಲಿ ನಿನ್ನನ್ನು ಕಳಿಸುವಾಗ ನಿನ್ನಮ್ಮ ತುಂಬಾ ಅತ್ತಳೇ?" ಎಂದು ಕೇಳಿದಳು. "ಹೂಂ, ಭಾಳ ಅತ್ತಳು, ಹಿಡಿಯಲಿಕ್ಕೆ ಇಬ್ಬರು ಬೇಕಾದರು" ಎಂದೆ. ಜಯಶೀಲ ಆ ಕಡೆ ಮುಖ ತಿರುಗಿಸಿದ. ಅವ್ವಾ, ರಜಿಸ್ಟ್ರಾರ್ ಆಫೀಸಿನಲ್ಲಿ ನನ್ನ ಪಕ್ಕದ ಕುರ್ಚಿಯ ಮೇಲೆ ನಾನು ಪರ್ಸ್ ಇಟ್ಟು ಜಾಗ ಹಿಡಿದಿದ್ದೆ. ಅಲ್ಲಿಯ ಗುಮಾಸ್ತ, "ಇಥೆ ಕೋಣ್ ಯೇಣಾರ್ ಆಹೆ ಕಾ?" ಈ ಕುರ್ಚಿಗೆ ಯಾರಾದರೂ ಬರುವವರಿದ್ದಾರೆಯೇ ಎಂದು ಕೇಳಿದ. "ಆಯೀ ಯೇತೆಯ್, ಗಾಡಿ ಪಾರ್ಕ್ ಕರತಾಯತ್" ಎಂದೆ, ಅವ್ವ ಬರುತ್ತಿದ್ದಾಳೆ, ಗಾಡಿ ನಿಲ್ಲಿಸುತ್ತಿದ್ದಾರೆ ಎಂದು. ಸಹಿ ಮಾಡುವವರೆಗೂ ಆ ಪರ್ಸ್ ತೆಗೆಯಲಿಲ್ಲ. ಆವತ್ತು ಮನೆಯಲ್ಲಿ ಕುಳಿತು ನೀನು ಅತ್ತೆಯಾ? ಪಂಚಮಿಯ ದಿನ ಬೈಯುವ ಮೊದಲು ಇದೊಂದನ್ನು ಹೇಳಿಬಿಡು.