ಕಮಲಾಪುರದ ಗಾಡಿಗೆ ಏಸಿ

ಗಾಜಿಪುರ, ಕಲಬುರಗಿ
೧೪ ಮೇ ೧೯೯೭, ಬುಧವಾರ

ಮಸ್ಕತ್ತಿನಲ್ಲಿರುವ ನನ್ನ ಮನೆಯವರಿಗೆ ಸರಸ್ವತಿಯ ನಮಸ್ಕಾರಗಳು.

ಬೆನ್ನುನೋವು ಹೇಗಿದೆ? ಮಹಡಿ ಹತ್ತಿ ಏಸಿ ಕೂಡಿಸುವಾಗ ಒಬ್ಬರೇ ಎತ್ತಬೇಡಿ ಎಂದು ಎಷ್ಟು ಸಲ ಬರೆಯಲಿ? ಜನರ ಮನೆ ತಣ್ಣಗಾದರೆ ಸಾಲದು, ನಿಮ್ಮ ಬೆನ್ನೂ ನೆಟ್ಟಗಿರಬೇಕು. ಅತ್ತೆಯವರು ಮೊಣಕಾಲು ಒಂದು ಬಿಟ್ಟರೆ ಆರಾಮವಾಗಿದ್ದಾರೆ. ನಮ್ಮ ವೈಜು ಐದನೆಯ ಇಯತ್ತೆ ಪಾಸಾಗಿ, ನಿಮ್ಮ ಫೋಟೊದ ಮುಂದೆ ಪೇಢೆ ಇಟ್ಟು, ಐದು ನಿಮಿಷ ಬಿಟ್ಟು ತಾನೇ ತಿಂದಳು. ಬಿಸಿಲಿನ ಬಗ್ಗೆ ಕಲಬುರಗಿಯವರಿಗೆ ಕಲಬುರಗಿಯವರು ಏನು ಬರೆಯುವುದು? ನಲ್ಲಿ ತಿರುಗಿಸಿದರೆ ಚಹಾದ ನೀರೇ ಬರುತ್ತಿದೆ.

ಈಗ ನಿಂತು ಓದುತ್ತಿದ್ದರೆ ಕೂತುಕೊಳ್ಳಿ. ನಿಮ್ಮ ಹೆಂಡತಿ ಒಂದು ಗಾಡಿಗೆ ಏಸಿ ಕೂಡಿಸಿದ್ದಾಳೆ. ಕಾರಿಗಲ್ಲ. ಒಳಗೆ ಎರಡು ಮಂಚ, ಗ್ಯಾಸ್ ಒಲೆ, ನೀರಿನ ಟಾಕಿ, ದೇವರ ಗೂಡು ಎಲ್ಲ ಇರುವ, ಮನೆಯಂಥ ಗಾಡಿಗೆ! ಆ ಏಸಿ ನಿನ್ನೆ ಮಧ್ಯಾಹ್ನ ಎರಡು ಗಂಟೆಯ ಬಿಸಿಲಿನಲ್ಲಿ ಓಡಿತು. ಈ ಖುಷಿಯಲ್ಲಿ ಅಕ್ಷರ ಸೊಟ್ಟಗೆ ಬಂದರೆ ಬಯ್ಯಬೇಡಿ.

ಮೊದಲಿನಿಂದ ಹೇಳುತ್ತೇನೆ. ಹದಿನೈದು ದಿನಗಳ ಹಿಂದೆ ನಮ್ಮ ಏಸಿ ರಿಪೇರಿ ಅಂಗಡಿಯ ಮುಂದೆ ಒಂದು ಹಳೆಯ ಬಿಳಿ ವ್ಯಾನು ಬಂದು ನಿಂತಿತು. ಇಳಿದವರು ಕಮಲಾಪುರದ ದೇವಿಂದ್ರಪ್ಪನವರು. ಮೂವತ್ತನಾಲ್ಕು ವರ್ಷ ಸರಕಾರಿ ಬಸ್ಸು ಹೊಡೆದು ನಿವೃತ್ತರಾದವರು. ನಮ್ಮ ಶಟರ್ ಎಳೆದಿದ್ದನ್ನು ನೋಡಿ ಮನೆ ಬಾಗಿಲಿಗೆ ಬಂದರು. ನೀವು ಪರದೇಶದಲ್ಲಿದ್ದೀರಿ ಎಂದು ಕೇಳಿ ಅವರ ಮುಖ ಇಷ್ಟೇ ಇಷ್ಟಾಯಿತು. ನೀರು ಕೊಟ್ಟೆ. ಕುಡಿಯುತ್ತ ತಮ್ಮ ಕಥೆ ಹೇಳಿದರು. "ಪಂಢರಪುರಕ್ಕ, ಶ್ರೀಶೈಲಕ್ಕ, ತಿರುಪತಿಗೆ ಊರ ಮಂದಿನೆಲ್ಲಾ ಒಯ್ದೇನ್ರಿ ಬಾಯಾರ. ನನ್ನ ಹೇಂತಿನ್ನ ಮಾತ್ರ ಒಂದು ದಿನಾನೂ ಒಯ್ದಿಲ್ಲ. ರಜಾ ಸಿಗಲಿಲ್ಲ, ಆಕಿನೂ ಕೇಳಲಿಲ್ಲ." ಅದಕ್ಕೇ ಹರಾಜಿನಲ್ಲಿ ಆ ವ್ಯಾನು ಹಿಡಿದು, ಬಡಿಗೇರರಿಂದ ಮಂಚ ಮಾಡಿಸಿ, ಹೋದ ಬೇಸಿಗೆಯಲ್ಲಿ ಹೆಂಡತಿ ಗುಂಡಮ್ಮನವರನ್ನು ಕೂಡಿಸಿಕೊಂಡು ಕಾಶಿಗೆಂದು ಹೊರಟಿದ್ದರಂತೆ. ಸೋಲಾಪುರ ದಾಟುವುದರೊಳಗೆ ತಗಡಿನ ಕಾವಿಗೆ ಗುಂಡಮ್ಮ ಎಚ್ಚರ ತಪ್ಪಿದರು. ನಾಲ್ಕು ದಿನ ದವಾಖಾನೆ. ಅವರ ಎದೆಗೆ ಸೆಕೆ ಆಗಿಬರುವುದಿಲ್ಲ ಎಂದು ಡಾಕ್ಟರು ಹೇಳಿದರು. ಅಂದಿನಿಂದ ಆಕೆ ಆ ಗಾಡಿಯ ಹತ್ತಿರವೂ ಸುಳಿದಿಲ್ಲ. "ಅದು ಗಾಡಿ ಅಲ್ಲ, ತಂದೂರ್ ಭಟ್ಟಿ" ಎನ್ನುತ್ತಾರಂತೆ. ಏಸಿ ಕೂಡಿಸಿದರೆ ಹತ್ತಿಯಾರು ಎಂದು ನಿಮ್ಮನ್ನು ಹುಡುಕಿಕೊಂಡು ಬಂದಿದ್ದರು.

ನೀವಿಲ್ಲ, ಬೇರೆ ಕಡೆ ನೋಡಿ ಎಂದು ಹೇಳುವುದಕ್ಕೇ ನಾನು ಬಾಯಿ ತೆರೆದದ್ದು. ಬಾಯಿಂದ ಬಂದದ್ದು ಮಾತ್ರ "ನಾ ಕೂಡಿಸಿ ಕೊಡ್ತೀನ್ರಿ" ಎಂಬ ಮಾತು. ಒಳಗೆ ಅತ್ತೆಯವರ ಕೈಯಿಂದ ತಂಬಿಗೆ ಬಿದ್ದ ಸದ್ದಾಯಿತು. ದೇವಿಂದ್ರಪ್ಪನವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಎಂದಾರ ಮಾಡೀರೇನ್ರಿ?" ಎಂದರು. ಏಳು ವರ್ಷ ನಿಮ್ಮ ಪಕ್ಕದಲ್ಲಿ ಕೂತು ಪಾನಾ, ಸ್ಕ್ರೂಡ್ರೈವರ್ ಎತ್ತಿಕೊಟ್ಟದ್ದು, ವೈರು ಹಿಡಿದದ್ದು, ನೀವು ಊಟಕ್ಕೆ ಎದ್ದಾಗ ಉಳಿದ ಸ್ಕ್ರೂ ಬಿಗಿದದ್ದು ಎಲ್ಲ ನೆನಪಾಯಿತು. "ಮಾಡೀನ್ರಿ" ಎಂದೆ. ಪೂರಾ ಸುಳ್ಳಲ್ಲ, ಅಲ್ಲವೇ?

ಅವರು ಹೋದ ಮೇಲೆ ಅತ್ತೆಯವರು, "ಸರಸೂ, ಗಂಡಸರ ಕೆಲಸಕ್ಕ ಕೈ ಹಾಕಿದಿ. ಕೆಟ್ಟರ ನನ್ನ ಮಗನ ಹೆಸರು ಕೆಡ್ತದ" ಎಂದರು. ಇಡೀ ದಿನ ಆ ಮಾತು ಎದೆಯಲ್ಲಿ ಮುಳ್ಳಾಡಿತು.

ಮರುದಿನ ವೆಲ್ಡಿಂಗಿನ ಇಮಾಮುದ್ದೀನ್ ಚಾಚಾ ಅವರನ್ನು ಕರೆದೆ. ವ್ಯಾನಿನ ಹಿಂದಿನ ತಗಡಿನಲ್ಲಿ, ನಮ್ಮ ಅಂಗಡಿಯಲ್ಲಿದ್ದ ಒಂದು ಟನ್ನಿನ ಕಿಟಕಿ ಏಸಿಯ ಅಳತೆಗೆ ಕಿಂಡಿ ಕೊಯ್ಯಬೇಕಿತ್ತು. ಮೂರು ಸಲ ಅಳೆದು ಸೀಮೆಸುಣ್ಣದಿಂದ ಗೆರೆ ಹಾಕಿದೆ, ಅಳಿಸಿದೆ, ಮತ್ತೆ ಹಾಕಿದೆ. ದೇವಿಂದ್ರಪ್ಪನವರು ನೋಡಲಾರದೆ ರಸ್ತೆಯ ಆ ಕಡೆ ಹೋಗಿ ಬೆನ್ನು ತಿರುಗಿಸಿ ನಿಂತರು. ಚಾಚಾ ಕಟರ್ ಹಿಡಿದು, "ಬೇಟಿ, ಕೊಯ್ಯಲೋ ಬೇಡೋ? ಒಮ್ಮೆ ಕೊಯ್ದ ಮ್ಯಾಲ ಹೊಲಿಯಾಕ ಬರಾಂಗಿಲ್ಲ" ಎಂದರು. ಕಣ್ಣು ಮುಚ್ಚಿ "ಕೊಯ್ರಿ" ಎಂದೆ. ಕಿಡಿ ಹಾರಿತು. ನನ್ನ ಜೀವವೂ ಹಾರಿತು. ಏಸಿ ಕಿಂಡಿಯೊಳಗೆ ಸರಿದಾಗ ಎರಡೂ ಕಡೆ ಒಂದು ಬೆರಳಷ್ಟೇ ಸಂದು! ಚಾಚಾ ಕಬ್ಬಿಣದ ಆಂಗಲ್ಲಿನ ಚೌಕಟ್ಟು ಮಾಡಿದರು, ಗಾಡಿಯ ಕುಲುಕಾಟಕ್ಕೆಂದು ನಾನು ಅಡಿಯಲ್ಲಿ ದಪ್ಪ ರಬ್ಬರು ಕೊಟ್ಟೆ. ನೀರು ಹೊರಗೆ ಹರಿಯಲೆಂದು ಏಸಿಯ ಹಿಂಬದಿಯನ್ನು ತುಸು ತಗ್ಗಿಸಿದೆ. ಇದನ್ನು ಓದುತ್ತ ನೀವು ಮೊದಲು ಅದನ್ನೇ ಕೇಳುತ್ತೀರಿ ಎಂದು ನನಗೆ ಗೊತ್ತು.

ಕರೆಂಟಿಗೆ ದೇವಿಂದ್ರಪ್ಪನವರು ಒಂದು ಸಣ್ಣ ಜನರೇಟರ್ ತಂದಿದ್ದರು. ಅದನ್ನು ಹೊರಗಡೆ ಕಬ್ಬಿಣದ ಹಲಗೆಯ ಮೇಲೆ ಕೂಡಿಸಿ, ಹೊಗೆ ಒಳಗೆ ನುಗ್ಗಬಾರದೆಂದು ಕೊಳವೆಯನ್ನು ಗಾಡಿಯ ಅಡಿಯಿಂದ ಆಚೆ ಮಗ್ಗುಲಿಗೆ ತಿರುಗಿಸಿದೆವು. ಓಣಿಯ ಅರ್ಧ ಮಂದಿ ಕೂಡಿದ್ದರು. ಸ್ವಿಚ್ ಒತ್ತಿದೆ. ಫ್ಯಾನ್ ತಿರುಗಿತು, ಚಪ್ಪಾಳೆ ಬಿತ್ತು. ಕಂಪ್ರೆಸರ್ ಹೊರಡಬೇಕು ಎನ್ನುವಷ್ಟರಲ್ಲಿ ಜನರೇಟರ್ ಕೆಮ್ಮಿ ಕೆಮ್ಮಿ ನಿಂತೇಬಿಟ್ಟಿತು. ಮತ್ತೆ ಒತ್ತಿದೆ, ಮತ್ತೆ ನಿಂತಿತು. ಮಂದಿ ಒಬ್ಬೊಬ್ಬರಾಗಿ ಕರಗಿದರು. ದೇವಿಂದ್ರಪ್ಪನವರು ಆ ಕಿಂಡಿಯನ್ನೇ ನೋಡುತ್ತಿದ್ದರು. ಬೈದಿದ್ದರೆ ಚೆನ್ನಾಗಿತ್ತು.

ಅಡುಗೆಮನೆಯಲ್ಲಿ ಕೂತು ಕಣ್ಣೀರು ಹಾಕಿದೆ. ಆಗ ಅತ್ತೆಯವರು ಮೊಣಕಾಲು ಹಿಡಿದುಕೊಂಡು ಬಂದು ಪಕ್ಕದಲ್ಲಿ ಕೂತರು. ಬೈಗುಳಕ್ಕೆ ಕಾದು ಕೂತೆ. ಅವರು, "ನನ್ನ ಮಗ ಮುಕುಂದ ಹಿಂಗಾದಾಗ ಏನ ಮಾಡ್ತಿದ್ದ, ನೆನಪು ಮಾಡ್ಕೊ" ಎಂದರು. ಅಷ್ಟೇ. ನೀವೊಮ್ಮೆ ಗಿರಾಕಿಗೆ ಹೇಳಿದ್ದು ನೆನಪಾಯಿತು: "ಕಂಪ್ರೆಸರ್ ಎದ್ದೇಳಾಗ ಮೂರು ಮಂದಿ ಊಟ ಬೇಡ್ತದ್ರಿ. ಎದ್ದ ಮ್ಯಾಲ ಒಬ್ಬರದು ಸಾಕು." ಎದ್ದು ಅಂಗಡಿಗೆ ಓಡಿದೆ. ಎರಡು ವರ್ಷದ ದೂಳಿನಲ್ಲಿ ನಿಮ್ಮ ಮುಕ್ಕಾಲು ಟನ್ನಿನ ಏಸಿ ಇತ್ತು. ನಾನು ಹಾಕಿದ್ದು ಒಂದು ಟನ್ನಿನದು. ಅಷ್ಟು ಸಣ್ಣ ಗಾಡಿಗೆ ಅಷ್ಟು ದೊಡ್ಡದೇಕೆ? ದೊಡ್ಡದನ್ನು ಇಳಿಸಿ ಸಣ್ಣದನ್ನು ಏರಿಸಿ, ಉಳಿದ ಸಂದಿಗೆ ಹಲಗೆ ಬಡಿದು, ಎದ್ದೇಳುವಾಗ ನೂಕು ಕೊಡಲೆಂದು ಒಂದು ಹೆಚ್ಚಿನ ಕೆಪಾಸಿಟರ್ ಕೂಡಿಸಿದೆ. ಸೂರಿಗೆ ಒಳಗಿನಿಂದ ಥರ್ಮೊಕೋಲ್ ಅಂಟಿಸಿದೆ. ಅದರ ಮೇಲಿನ ರೆಕ್ಸಿನ್ ಹೊಲಿದವರು ಯಾರೆಂದುಕೊಂಡಿರಿ? ನಿಮ್ಮ ತಾಯಿ ಇಂದೂಬಾಯಿಯವರು! ಹೊಲಿದು ಮುಗಿಸಿ ಏಸಿಗೆ ಅರಿಷಿಣ ಕುಂಕುಮವನ್ನೂ ಹಚ್ಚಿದರು.

ಈ ಸಲ ಯಾರನ್ನೂ ಕರೆಯಲಿಲ್ಲ. ಸ್ವಿಚ್ ಒತ್ತಿದೆ. ಜನರೇಟರಿನ ದನಿ ಒಮ್ಮೆ ಕುಗ್ಗಿತು, ಕುಗ್ಗಿತು, ಮತ್ತೆ ಏರಿತು. ಕಂಪ್ರೆಸರ್ ಗುಂಯ್ ಎಂದಿತು. ಚಾಚಾ ಗಾಳಿಗೆ ಮುಖ ಒಡ್ಡಿ "ಅಲ್ಲಾ, ಅಲ್ಲಾ!" ಎಂದು ಎರಡು ನಿಮಿಷ ಸರಿಯಲೇ ಇಲ್ಲ.

ಆದರೆ ಪರೀಕ್ಷೆ ಮಾಡುವವರು ಬೇರೆಯೇ ಇದ್ದರಲ್ಲ. ನಿನ್ನೆ ದೇವಿಂದ್ರಪ್ಪನವರು ಗುಂಡಮ್ಮನವರನ್ನು ಬಸ್ಸಿನಲ್ಲಿ ಬೆಳಗಿನ ತಂಪಿನಲ್ಲೇ ನಮ್ಮ ಮನೆಗೆ ಕರೆತಂದರು. ಸಣ್ಣ ದೇಹ, ದೊಡ್ಡ ಕಣ್ಣು. ಕಮಲಾಪುರದ ಕೆಂಪು ಬಾಳೆಹಣ್ಣಿನ ಗೊನೆ ನನ್ನ ಕೈಗಿಟ್ಟು, "ತಂಗಿ, ನಿನ್ನ ಮ್ಯಾಲ ನನಗ ಸಿಟ್ಟಿಲ್ಲ. ಆದರ ಆ ಭಟ್ಟಿ ಒಳಗ ನಾ ಕೂಡಾಂಗಿಲ್ಲ" ಎಂದರು. ನಾನು, "ಅವ್ವಾ, ನಾನೂ ನಿಮ್ಮ ಮಗ್ಗಲಾಗ ಕೂಡ್ತೀನಿ. ಮೈ ಬಿಸಿ ಹತ್ತಿದ್ರ ಅಲ್ಲೇ ಇಳಿಯೂಣು" ಎಂದು ಕೈ ಹಿಡಿದೆ. ಎರಡಕ್ಕೆ ಹೊರಟೆವು. ಮಹಾಗಾಂವ ಕ್ರಾಸಿನವರೆಗೂ ಆಕೆ ನನ್ನ ಕೈ ಬಿಡಲಿಲ್ಲ, ಕಣ್ಣೂ ತೆರೆಯಲಿಲ್ಲ. ನಾನು ಏಸಿಯ ಸದ್ದನ್ನೇ ಆಲಿಸುತ್ತ, ರಸ್ತೆಯ ಪ್ರತಿ ತಗ್ಗು-ಕುಣಿಗೂ ವಿಠಲನನ್ನು ಕರೆದೆ. ಕ್ರಾಸು ದಾಟಿದ ಮೇಲೆ ಆಕೆ ಒಂದು ಕಣ್ಣು ತೆರೆದು, "ಚಾದರ ಅದ ಏನ? ಥಂಡಿ ಹತ್ತಾಕತ್ಯದ" ಎಂದರು. ಮುಂದೆ ದೇವಿಂದ್ರಪ್ಪನವರ ಹೆಗಲು ಕುಲುಕುವುದು ಕಂಡಿತು. ನಗುತ್ತಿದ್ದರೋ ಅಳುತ್ತಿದ್ದರೋ, ಗಾಡಿಯಂತೂ ನೆಟ್ಟಗೇ ಓಡುತ್ತಿತ್ತು.

ಕಮಲಾಪುರ ಬಂತು. ಮನೆ ಮುಂದೆ ಗಾಡಿ ನಿಲ್ಲಿಸಿ ಅವರು ಪಕ್ಕದ ಬಾಗಿಲು ತೆರೆದರು. "ಇಳಿ, ಮನಿ ಬಂತು." ಗುಂಡಮ್ಮ ಚಾದರವನ್ನು ಇನ್ನಷ್ಟು ಹೊದ್ದುಕೊಂಡು, "ಮನಿ ಎಲ್ಲಿಗೆ ಹೋಗ್ತದ? ಬಾಕಲಾ ಹಾಕು, ಗಾಳಿ ಹೊರಗ ಹೋಗಾಕತ್ಯದ. ಮುಂದ ಯಾವ ಊರು ಅದ, ಅಲ್ಲಿಗೆ ನಡಿ" ಎಂದರು. ಹುಮನಾಬಾದಿನವರೆಗೆ ಹೋಗಿ ಬಂದೆವು! ದಾರಿಯುದ್ದಕ್ಕೂ ಪುಟ್ಟ ಹುಡುಗಿಯ ಹಾಗೆ ಕಿಟಕಿಗೆ ಮೂಗು ಹಚ್ಚಿದ್ದರು. ಬರುವ ಸೋಮವಾರ ಇಬ್ಬರೂ ಕಾಶಿಗೆ ಹೊರಡುತ್ತಾರೆ.

ಅತ್ತೆಯವರು ನಿಮಗೆ ಆಶೀರ್ವಾದ ತಿಳಿಸಿದ್ದಾರೆ. "ಸೊಸಿ ಮಾಡಿದ್ದು ನೀ ಮಾಡಿದ್ದಕ್ಕಿಂತ ಕಡಿಮಿ ಸಪ್ಪಳ ಮಾಡ್ತದ" ಎಂದೂ ಬರೆಯಲು ಹೇಳಿದ್ದಾರೆ. ವೈಜುವಿನ ಮುದ್ದುಗಳು. ವೇಳೆಗೆ ಸರಿಯಾಗಿ ಉಣ್ಣಿ.

ನಿಮ್ಮ
ಸರಸ್ವತಿ

ತಾ.ಕ.: ಟಪಾಲು ತೆಗೆಯುವ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಅಲ್ಲಿನ ಕೆಲಸದ ಇನ್ನೆರಡು ವರ್ಷದ ಕರಾರಿಗೆ ಜೂನಿನಲ್ಲಿ ಸಹಿ ಹಾಕಲೇ ಎಂದು ಹೋದ ಪತ್ರದಲ್ಲಿ ಕೇಳಿದ್ದಿರಿ. ಮೂರು ವಾರ ನಾನು ಉತ್ತರ ಬರೆಯಲಿಲ್ಲ, ಏನು ಬರೆಯಬೇಕೆಂದು ತಿಳಿದಿರಲಿಲ್ಲ. ಈಗ ತಿಳಿದಿದೆ. ಸಹಿ ಹಾಕಬೇಡಿ. ಇವತ್ತು ಬೆಳಿಗ್ಗೆ ಶಟರ್ ಎತ್ತಿ ಕಸ ಹೊಡೆದು ಕೂತಿದ್ದೇನೆ, ಆಗಲೇ ಇಬ್ಬರು ಗಿರಾಕಿಗಳು ಬಂದು ಕೇಳಿಹೋದರು. ಏಸಿಗೆ ಗ್ಯಾಸ್ ತುಂಬುವುದು ಮಾತ್ರ ನನಗೆ ಬರುವುದಿಲ್ಲ. ಬಂದು ಕಲಿಸಿ.