ಮೆಟ್ಟಿಲ ತಿರುವಿನ ಕುರ್ಚಿ

ಅಕ್ಕಾ,

ಅಮ್ಮನಿಗೆ ಬೆಳಿಗ್ಗೆ ಹಾರ್ಟ್ ಅಟ್ಯಾಕ್ ಆಯಿತು. ಐಸಿಯುನಲ್ಲಿದ್ದಾಳೆ. ನೀನು ಫೋನ್ ಎತ್ತುತ್ತಿಲ್ಲ. ಅವಳ ಸ್ವೆಟರ್ ಒಯ್ಯಲು ಬಂದವಳು ಮತ್ತೆ ಓಡುತ್ತಿದ್ದೇನೆ. ಡಾಕ್ಟರು ಭರವಸೆಯ ಮಾತೇ ಆಡುತ್ತಿಲ್ಲ, ನಿನಗೆ ಭರವಸೆ ನಾನೆಲ್ಲಿಂದ ತಂದು ಕೊಡಲಿ?

ಬರುವಾಗ ಅವಳ ಕನ್ನಡಕ ತಾ, ಆತುರದಲ್ಲಿ ನನಗೆ ಸಿಗಲಿಲ್ಲ. ಹಾಲು ಕಾಯಿಸಿಟ್ಟಿದ್ದೇನೆ, ಕುಡಿದೇ ಬಾ.

ಕೆಳಗಿನ ಬೀರುವಿನಲ್ಲಿರುವ ಅವಳ ಮ್ಯಾಮೋಗ್ರಾಂ ಫಿಲ್ಮ್, ಅದೇ ಆ ಸ್ತನದ ಎಕ್ಸ್‌ರೇ, ಡಾಕ್ಟರು ಕೇಳುತ್ತಿದ್ದಾರೆ; ಕೀಲಿ ನಿನ್ನ ಹತ್ತಿರವೇ ಇದೆ, ತಾ. ಆ ಫಿಲ್ಮ್ ನೋಡಿದ ಡಾಕ್ಟರಮ್ಮ ಅವತ್ತೇ ಹೇಳಿದ್ದರಲ್ಲ, "ಗಂಟೇನೂ ಇಲ್ಲಮ್ಮ, ಆದ್ರೆ ಸ್ತನದ ರಕ್ತನಾಳದಲ್ಲಿ ಕ್ಯಾಲ್ಸಿಯಂ ಕಟ್ಟಿದೆ, ಹೃದಯದಲ್ಲೂ ಹೀಗೇ ಇರಬಹುದು, ತೋರಿಸ್ಕೊಳ್ಳಿ" ಅಂತ. ಚಿಕ್ಕಮ್ಮ ಸ್ತನದ ಕ್ಯಾನ್ಸರಿನಲ್ಲಿ ಹೋದ ಮೇಲೆ ನಮ್ಮ ಮನೆಯಲ್ಲಿ ಎಲ್ಲರಿಗೂ ಗಂಟಿನದೊಂದೇ ಭಯ. ಗಂಟಿಲ್ಲ ಅಂದದ್ದೇ ತಡ, ಮಿಕ್ಕ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆಮೇಲೆ ಅಮ್ಮ ಮಹಡಿ ಹತ್ತುತ್ತ ನಡುವೆ ಏದುಸಿರು ಬಿಟ್ಟು ನಿಲ್ಲತೊಡಗಿದಳು. ಮಹಾ ಬುದ್ಧಿವಂತರು ನಾವು, ವಯಸ್ಸಾಯಿತು ಅಂದುಕೊಂಡು ತಿರುವಿನಲ್ಲಿ ಒಂದು ಕುರ್ಚಿ ಹಾಕಿಕೊಟ್ಟೆವು. "ಎಷ್ಟು ಹಾಯಾಗಿದೆ ಕಣ್ರೇ" ಅಂತ ಅವಳು ನಕ್ಕಿದ್ದು ಇನ್ನೂ ಕಿವಿಯಲ್ಲಿದೆ. ರೋಗಕ್ಕೆ ಸೀಟು ಹಾಕಿ ಕೂರಿಸಿದೆವಲ್ಲೇ ಅಕ್ಕಾ!

ಆ ಕುರ್ಚಿಯನ್ನು ನನ್ನಿಂದ ನೋಡಲಾಗುತ್ತಿಲ್ಲ. ಎತ್ತಿ ಬೀದಿಗೆ ಬಿಸಾಡಿ ಬಾ ಎಂದು ಬರೆಯುವವಳಿದ್ದೆ. ಬೇಡ, ನೀನು ಏನನ್ನೂ ಎತ್ತಬೇಡ, ಮೆಟ್ಟಿಲೂ ಹತ್ತಬೇಡ. ಗಾಡಿ ಮಾಡಿಕೊಂಡು ನಿಧಾನವಾಗಿ ಬಾ. ಅವತ್ತು ಅಮ್ಮನ ಜೊತೆಗೇ ತೆಗೆಸಿದ ನಿನ್ನ ಫಿಲ್ಮನ್ನೂ ತಾ.

ನಿನ್ನೆ ಬಟ್ಟೆಯ ಬಕೆಟ್ ಹಿಡಿದು ಹತ್ತುವಾಗ ನೀನೂ ಆ ಕುರ್ಚಿಯಲ್ಲಿ ಕೂತಿದ್ದೆ.