ಎಡಕ್ಕೆ ತಿರುಗಿದ ಮೋಟಾರು

೭ ಫೆಬ್ರುವರಿ ೧೯೮೪, ಮಂಗಳವಾರ

ಬೆಟಗೇರಿಯ ನಮ್ಮ ತರಬೇತಿ ಶಾಲೆಗೆ ಮಾರ್ತಾಂಡರಾಯರಂಥವರು ಮುಖ್ಯಸ್ಥರು! ನೆನೆದರೆ ಈಗಲೂ ಮೈ ಉರಿಯುತ್ತದೆ.

ಮೋಟಾರನ್ನು ಬಲಕ್ಕೆ ತಿರುಗಿಸಲು ಒಂದು ರಿಲೇ ಸ್ವಿಚ್ಚು, ಎಡಕ್ಕೆ ಇನ್ನೊಂದು. ಎರಡನ್ನೂ ಕೊಂಡ ದಿನದಿಂದ ಕಪಾಟಿನಲ್ಲಿಟ್ಟು, ಕೀಲಿಯನ್ನು ಜನಿವಾರಕ್ಕೆ ಕಟ್ಟಿಕೊಂಡಿದ್ದಾರೆ ಪುಣ್ಯಾತ್ಮರು. "ಹುಡುಗ್ರು ಮುಟ್ಟಿದ್ರ ಸವೀತಾವ" ಅಂತೆ. ಹುಡುಗರು ವರ್ಷವಿಡೀ ಏಣಿಯಂಥ ಆ ಸರ್ಕ್ಯೂಟಿನ ಚಿತ್ರ ಬರೆದದ್ದೇ ಬಂತು, ರಿಲೇಯ ಮುಖ ಕಂಡವರಿಲ್ಲ.

ಇವತ್ತು ತಪಾಸಣೆಗೆ ಒಬ್ಬ ಸಾಹೇಬ ಬಂದನೆಂದು ರಿಲೇಗಳು ಕಪಾಟಿನಿಂದ ಹೊರಬಂದವು. ರಾಯರು ಮೊದಲ ಗುಂಡಿ ಒತ್ತಿದರು, ಮೋಟಾರು ಬಲಕ್ಕೆ ತಿರುಗಿತು. ನಿಲ್ಲಿಸಿ ಎರಡನೆಯದನ್ನು ಒತ್ತಿದರು. ಜಂಗು ಹಿಡಿದ ರಿಲೇ ಮಿಸುಕಲಿಲ್ಲ. ಮತ್ತೆ ಮೊದಲ ಗುಂಡಿಯನ್ನೇ ಒತ್ತಿ, ಒಂದಿಷ್ಟೂ ನಾಚದೆ ಹೇಳಿದರು: "ಸಾಹೇಬ್ರ, ಮೇಜಿನ ಆ ಕಡಿಂದ ನೋಡ್ರಿ, ಎಡಕ್ಕ ತಿರಗತದ."

ಸಾಹೇಬ ಸುತ್ತಿ ಹೋಗಿ, ಬಗ್ಗಿ ನೋಡಿದ. "ಖರೆನ ಎಡಕ್ಕ ಐತಲ್ರಿ!" ಎಂದು ಸಹಿ ಹಾಕಿದ. ಇಂಥವನಿಗೆ ಸರಕಾರದ ಜೀಪು ಬೇರೆ.

ಸಂಜೆ ನನ್ನ ವಿದ್ಯಾರ್ಥಿ ಕಳಕಪ್ಪ ಬಂದಿದ್ದ. ಬರುವ ತಿಂಗಳು ಹತ್ತಿ ಗಿರಣಿಯಲ್ಲಿ ಅಂಡಿಗೆ, ಅಂದರೆ ಹತ್ತಿಯ ಭಾರಿ ಮೂಟೆ, ಎತ್ತಿ ಇಳಿಸುವ ಮೋಟಾರಿನ ಕೆಲಸಕ್ಕೆ ಸೇರುತ್ತಾನೆ. "ರಾಯರು ಭಾಳ ಸರಳ ಮಾಡಿ ತೋರಿಸಿದ್ರು ನೋಡ್ರಿ ಸರ. ನಾವು ಸುಮ್ನ ವರ್ಷಗಟ್ಲೆ ಚಿತ್ರ ತಗದ್ವಿ" ಎಂದ. ಚೇಷ್ಟೆ ಇರಬಹುದೆಂದು ಮುಖ ನೋಡಿದೆ. ಇರಲಿಲ್ಲ.

ಜನರ ತಲೆಯ ಮೇಲೆ ಅಂಡಿಗೆ ಏರುತ್ತಿರುವಾಗ, ಅದನ್ನು ಇಳಿಸಲು ಈ ಹುಡುಗ ಯಾವ ಕಡೆ ಹೋಗಿ ನಿಂತು ನೋಡುತ್ತಾನೋ...